ಅಂತರವೋ ಸಂಕರವೋ: ರೇಡಿಯೋ ಪರಿಭಾಷೆಯ ಒಂದು ವಿಮರ್ಶೆ

ರೇಡಿಯೋ ಶಾಸ್ತ್ರದಲ್ಲಿ ‘ಇಂಟರ್‌ಮಾಡ್ಯುಲೇಷನ್ ಡಿಸ್ಟಾರ್ಷನ್’ ಎಂಬುದೊಂದು ದೋಷವುಂಟು. ಎರಡು ಆವೃತ್ತಿಗಳ ತರಂಗಗಳು ಒಂದೇ ವರ್ಧಕವನ್ನು ಹೊಕ್ಕಾಗ, ಅದರ ಫಲವು ಪ್ರೇರಣೆಗೆ ಸರಿಯಾದ ಅನುಪಾತದಲ್ಲಿಲ್ಲದಿದ್ದರೆ, ಒಳಹೋದವುಗಳಲ್ಲಿಲ್ಲದ ಹೊಸ ಆವೃತ್ತಿಗಳು ಹೊರಬರುವುವು. ಇದನ್ನು ‘ಅಂತರ ಮಾಡ್ಯುಲನ ವಿಕೃತಿ’ ಎಂದು ಕನ್ನಡಿಸಹೊರಟರೆ ಮೊದಲ ಪದದಲ್ಲಿಯೇ ತೊಡಕು. ‘ಅಂತರ’ವೆಂದರೆ ಕನ್ನಡಿಗನಿಗೆ ಮೊದಲು ಹೊಳೆಯುವುದು ದೂರ, ಇಲ್ಲಿಯಾದರೋ ನಡೆಯುವುದು ಬೆರಕೆ. ಅಳತೆಯಲ್ಲಿ ಎರಡು ಆವೃತ್ತಿಗಳ ನಡುವಣ ಅಂತರವನ್ನೂ ಹೇಳಬೇಕಾಗುವುದರಿಂದ ‘ಅಂತರದ ಅಂತರ’ವೆಂದು ಬರೆಯುವ ಪ್ರಸಂಗವೂ ಬಂದೀತು! ‘ವಿಕೃತಿ’ಯಾದರೂ ಇದ್ದುದು ಕೆಟ್ಟಿತೆಂದು ಹೇಳುವುದೇ ಹೊರತು ಇಲ್ಲದ್ದು ಹುಟ್ಟಿತೆಂದು ಹೇಳುವುದಿಲ್ಲ.

ಇದು ಬರಿಯ ಶಬ್ದಕಲಹವಲ್ಲ. ಬೆಂಗಳೂರು ಆಕಾಶವಾಣಿಯು 612 ಕಿಲೋಹರ್ಟ್ಸ್‌ನಲ್ಲಿಯೂ ಧಾರವಾಡವು 765ರಲ್ಲಿಯೂ ಪ್ರಸಾರ ನಡೆಸಿದುದು ಪ್ರಸಿದ್ಧ. ಎರಡನೆಯದನ್ನು ಇಮ್ಮಡಿಸಿ ಮೊದಲನೆಯದನ್ನು ಕಳೆದರೆ 918. ಜಿನೀವಾ ಯೋಜನೆ 1978ರಲ್ಲಿ ಜಾರಿಗೆ ಬಂದ ಮೇಲೆ ಭಾರತದ ಮಧ್ಯಮ ತರಂಗದ ನೆಲೆಗಳೆಲ್ಲ 9ರ ಗುಣಕಗಳು; 918 ಸಹ ಅಂಥದೇ. ಆದಕಾರಣ ಗೋರ್ಟಾ (ಬಿ)ಯಂತಹ ದೂರದ ಊರಿನಲ್ಲಿ ಈ ಕೇಂದ್ರಗಳಿಗಾಗಿ ಮಿತಿಮೀರಿದ ವರ್ಧಕವನ್ನು ಹೂಡಿದವನಿಗೆ ಹುಸಿ ಕೇಂದ್ರವೊಂದು ನಿಜವಾದ ನೆಲೆಯ ಮೇಲೆಯೇ ಕುಳಿತು ಕೇಳಿಸಬಹುದು. ಸಿಳ್ಳು ಹೊಡೆದು ಅದು ತನ್ನ ಗುಟ್ಟನ್ನು ಬಿಟ್ಟುಕೊಡದು. ಹುಟ್ಟಿದ ಮೇಲೆ ಆ ನೆಲೆಯ ನಿಜವಾದ ಪ್ರಸಾರದಿಂದ ಅದನ್ನು ಸೋಸಿ ತೆಗೆಯಲೂ ಬಾರದು.

ಆಲಂಕಾರಿಕರು ಸಂಸೃಷ್ಟಿ, ಸಂಕರಗಳೆಂದು ಎರಡನ್ನು ಬಗೆದಿದ್ದಾರೆ: ಮೊದಲನೆಯದು ತಿಲತಂಡುಲದಂತೆ, ಎರಡನೆಯದು ಕ್ಷೀರನೀರದಂತೆ. ನಿರ್ದುಷ್ಟವಾದ ವರ್ಧಕದಲ್ಲಿ ತರಂಗಗಳ ಕೂಟಕ್ಕೆ ಸಂಸೃಷ್ಟಿಯೆಂಬ ಹೆಸರು ಚೆನ್ನಾಗಿ ಒಪ್ಪುತ್ತದೆ. ಸದೋಷವಾದಲ್ಲಿ ‘ಸಂಕರ’ವೆನ್ನೋಣವೇ? ಹಾಲುನೀರಿನಿಂದ ಮೂರನೆಯ ದ್ರವ್ಯವೇನೂ ಹುಟ್ಟುವುದಿಲ್ಲ. ಧರ್ಮಶಾಸ್ತ್ರದ ಸಂಕರದಲ್ಲಿ ಹುಟ್ಟಿನ ಅರ್ಥವಿದೆ, ನಿಜ. ಆದರೆ ಅದರೊಡನೆ ನಿಂದೆಯೂ ಇದೆ. ಹರಳಯ್ಯ ಮಧುವರಸರ ಮನೆಗಳ ಸಂಬಂಧವನ್ನು ವರ್ಣಸಂಕರವೆಂದೆಣಿಸಿ ಎಳೆಹೂಟೆಯ ಶಿಕ್ಷೆ ವಿಧಿಸಿದ ಕಥೆ ಕಲ್ಯಾಣದ ನೆಲದ್ದು. ಗೋರ್ಟಾ ಆ ಬಸವಕಲ್ಯಾಣದ ನೆರೆಯ ಊರು. ಅಲ್ಲಿಯ ವಿದ್ಯಾರ್ಥಿಗೆ ವರ್ಧಕದ ದೋಷವನ್ನು ಈ ಹೆಸರಿನಿಂದ ಕಲಿಸುವುದು ಉಚಿತವಲ್ಲ. ಸಂಗೀತಗಾರರ ‘ಜನ್ಯ’ವೇ ಲೇಸು: ‘ಮಿಶ್ರಜನ್ಯ’ವೆಂದರೆ ಬೆರಕೆಯೂ ಹುಟ್ಟೂ ಎರಡೂ ಬಂದುವು, ನಿಂದೆಯಿಲ್ಲ.

ಈ ಹೆಸರಿನಿಂದ ಅಳತೆಯ ವಿಧಿಯೂ ತಿಳಿಯಾಗುತ್ತದೆ. ಸಮಬಲದ ಎರಡು ತರಂಗಗಳನ್ನು ವರ್ಧಕಕ್ಕೆ ಕೊಟ್ಟು ಮೂರನೆಯ ದರ್ಜೆಯ ಜನ್ಯವನ್ನು ನೋಡುವುದು ವಾಡಿಕೆ. ಅದರಲ್ಲಿ ಒಂದು ಜನಕನ ಪಾಲು ಎರಡು, ಇನ್ನೊಂದರದು ಒಂದು. ಆದ್ದರಿಂದ ಜನಕಗಳೆರಡನ್ನೂ 1 ಡೆಸಿಬೆಲ್ ಏರಿಸಿದರೆ ಜನ್ಯವು 3 ಏರುವುದು. ಎರಡು ಏರುರೇಖೆಗಳನ್ನು ಮುಂದಕ್ಕೆಳೆದರೆ ಕೂಡುವ ಛೇದಬಿಂದುವಿನಿಂದ ವರ್ಧಕದ ಯೋಗ್ಯತೆಯನ್ನು ಹೇಳುವರು. ಆ ಬಿಂದುವನ್ನು ಮುಟ್ಟುವ ಮೊದಲೇ ವರ್ಧಕವು ತಣಿದುಹೋಗುವುದರಿಂದ ಅದು ಊಹೆಯ ಬಿಂದು. ಅದನ್ನು ‘ಅಳೆದ’ ಮೌಲ್ಯವೆಂದು ಬರೆಯುವುದು ಸಲ್ಲದು.

ಇನ್ನೊಂದು ಎಚ್ಚರಿಕೆಯು ಗ್ರಂಥಸಂಪಾದಕರಿಗೆ ಹೊಸದಲ್ಲ. ಕಂಡ ದೋಷವು ಕವಿಯದೋ ಲಿಪಿಕಾರನದೋ ಎಂಬಂತೆ, ಜನ್ಯವು ವರ್ಧಕದ್ದೋ ಮಾಪಕದ್ದೋ ಎಂದು ವಿಚಾರಿಸಬೇಕು, ಮಾಪಕವೂ ಬೆರಸಬಲ್ಲದು. ವರ್ಧಕಕ್ಕೂ ಮಾಪಕಕ್ಕೂ ನಡುವೆ 10 ಡೆಸಿಬೆಲ್ಲಿನ ಕ್ಷೀಣಕವನ್ನಿಟ್ಟು ನೋಡಿದಾಗ ಜನ್ಯವು 10 ಇಳಿದರೆ ಅದು ವರ್ಧಕದ್ದು, 30 ಇಳಿದರೆ ಮಾಪಕದ್ದು.