‘ವಿಶೇಷ ಉಂಟಾ?’: ಕಥೆಯಿಂದ ಕಾಣೆಯಾದ ಸೂಜಿ

ಸುಳ್ಯ ತಾಲೂಕಿನ ಆಲೆಟ್ಟಿಯ ಕಡೆ ಮದುವೆಯಾಗಿ ವರ್ಷ ದಾಟಿದ ಹೆಣ್ಣುಮಗಳಿಗೆ ತಪ್ಪದ ಪ್ರಶ್ನೆಯೊಂದಿದೆ: ‘ವಿಶೇಷ ಉಂಟಾ?’ ಮದರಂಗಿಯ ರಾತ್ರಿ, ತೊಟ್ಟಿಲು ಹಾಕುವ ಮನೆಯಲ್ಲಿ, ಬಸ್ಸಿನ ಸೀಟಿನಲ್ಲಿ ಇದನ್ನು ಕೇಳುವವರು ಕೆಟ್ಟವರೇನಲ್ಲ. ಹೆಚ್ಚಿನವರು ಪ್ರೀತಿಯಿಂದಲೇ ಕೇಳುತ್ತಾರೆ. ಬ್ಯಾರಿಗಳ ಮನೆಯಲ್ಲೂ ಗೌಡರ ಮನೆಯಲ್ಲೂ ಪ್ರಶ್ನೆ ಒಂದೇ. ಉತ್ತರ ಕೊಡಬೇಕಾದವಳು ಮಾತ್ರ ಹೆಂಡತಿ. ಗಂಡನೊಡನೆ ರಬ್ಬರಿನ ದರ, ಅಡಿಕೆಯ ಹಳದಿ ಎಲೆ ರೋಗ ಎಲ್ಲ ಮಾತಾಡಿ ಮುಗಿದರೂ ಈ ಪ್ರಶ್ನೆ ಅವನ ಬಳಿ ಸುಳಿಯುವುದಿಲ್ಲ.

ಅಲ್ಲಿ ನಮಗೆ ಪರಿಚಯದ ಒಂದು ಮನೆಯ ಫ್ರಿಜ್ಜಿನಲ್ಲಿ, ಉಪ್ಪಿನಕಾಯಿ ಬಾಟಲಿಯ ಹಿಂದೆ, ಔಷಧದ ಸಣ್ಣ ಪೊಟ್ಟಣವೊಂದಿತ್ತು. ಐವಿಎಫ್, ಅಂದರೆ ಪ್ರನಾಳ ಶಿಶು ಚಿಕಿತ್ಸೆಯ ಇಂಜೆಕ್ಷನ್. 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕೆಂದು ಹೇಳಿದ್ದರು. ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ಆ ಮನೆಯ ಸೊಸೆಯ ಎದೆ ಡವಗುಟ್ಟುತ್ತಿತ್ತು. ಮಂಗಳೂರಿಗೆ ಹೋಗುವುದು ಥೈರಾಯಿಡ್ ಪರೀಕ್ಷೆಗೆಂದು ನೆರೆಯವರಿಗೆ ಹೇಳಿಯಾಗಿತ್ತು. ಹತ್ತು ದಿನ ಸೂಜಿ ಚುಚ್ಚಿಸಿಕೊಂಡು ಹೊಟ್ಟೆ ಉಬ್ಬಿದಾಗ ಯಾರೋ ‘ವಿಶೇಷ ಉಂಟಾ?’ ಎಂದು ಕೇಳಿಯೇಬಿಟ್ಟರು. ಅದು ಬಸಿರಲ್ಲ, ಮದ್ದಿನಿಂದ ಬಂದ ಉಬ್ಬರ. ಆಕೆ ನಕ್ಕು ಸುಮ್ಮನಾದಳು.

ಇಂತಹ ನಗುವಿನ ಹಿಂದೆ ಇರುವುದನ್ನು ಜನರಿಗೆ ತಿಳಿಸಬೇಕಾದದ್ದು ಕಥೆ, ಸಿನಿಮಾ, ಪತ್ರಿಕೆ. ಅವು ಏನನ್ನು ಹೇಳಿವೆ, ಏನನ್ನು ಬಿಟ್ಟಿವೆ ಎಂದು ನೋಡುವುದು ಅಗತ್ಯ.

ಮೊದಲು ಸಿನಿಮಾ. 2012ರ ಹಿಂದಿ ಚಿತ್ರ ‘ವಿಕ್ಕಿ ಡೋನರ್’ ವೀರ್ಯದಾನಿಯೊಬ್ಬನ ಕಥೆ. 2019ರ ‘ಗುಡ್ ನ್ಯೂಸ್’ ಐವಿಎಫ್‌ಗೆ ಹೋದ ಎರಡು ಜೋಡಿಗಳ ಕಥೆ. ಇಬ್ಬರು ಗಂಡಂದಿರ ಅಡ್ಡಹೆಸರು ಒಂದೇ ಆದದ್ದರಿಂದ ವೀರ್ಯ ಅದಲುಬದಲಾಗುತ್ತದೆ. ಎರಡೂ ಚಿತ್ರಗಳು ಮುಚ್ಚಿಟ್ಟ ವಿಷಯವನ್ನು ನಗುನಗುತ್ತಾ ಮನೆಮಂದಿಯ ಮುಂದೆ ತಂದವು. ಅದು ಸಣ್ಣ ಕೆಲಸವಲ್ಲ. ಆದರೆ ಎರಡರ ಗಂಟೂ ಕಟ್ಟಿಕೊಂಡಿರುವುದು ‘ಬೀಜ ಯಾರದ್ದು?’ ಎಂಬ ಒಂದೇ ಪ್ರಶ್ನೆಯ ಸುತ್ತ. ಹೊಟ್ಟೆಯ ಚರ್ಮ ಹಿಡಿದು ದಿನಕ್ಕೊಂದು ಸೂಜಿ ಚುಚ್ಚಿಕೊಳ್ಳುವ ದಿನಗಳ ಮೇಲೆ ಕಥೆ ನಿಲ್ಲುವುದಿಲ್ಲ.

ಗಂಭೀರ ಚಿತ್ರವಾದರೂ ನಿಂತಿತೇ? ತಪನ್ ಸಿನ್ಹಾ ಅವರ ‘ಏಕ್ ಡಾಕ್ಟರ್ ಕೀ ಮೌತ್’ (1990) ಈ ದೇಶದ ಒಳ್ಳೆಯ ಚಿತ್ರಗಳಲ್ಲೊಂದು. ಅದಕ್ಕೆ ಪ್ರೇರಣೆ ಕೊಲ್ಕತ್ತಾದ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಬದುಕು. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಮುಖ್ಯೋಪಾಧ್ಯಾಯರ ಪ್ರಯತ್ನದಿಂದ ‘ದುರ್ಗಾ’ ಹುಟ್ಟಿದಳು. ಸರಕಾರದ ಸಮಿತಿ ಅವರನ್ನು ನಂಬಲಿಲ್ಲ. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ಮುಂಬಯಿಯಲ್ಲಿ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾದ ಟಿ.ಸಿ. ಆನಂದಕುಮಾರ್, ಮೊದಲಿಗರು ತಾವಲ್ಲ, ಮುಖ್ಯೋಪಾಧ್ಯಾಯರು ಎಂದು 1997ರಲ್ಲಿ ಬರೆದು ತಮಗಿದ್ದ ಹಿರಿಮೆಯನ್ನು ಬಿಟ್ಟುಕೊಟ್ಟರು.

ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಇನ್ನೊಂದಿದೆ. ಲೂಯಿಸ್ ಬ್ರೌನ್‌ಳ ತಾಯಿಯಿಂದ ಅಂಡಾಣು ತೆಗೆದದ್ದು ಸಹಜ ಋತುಚಕ್ರದಲ್ಲಿ, ಪ್ರಚೋದಕ ಮದ್ದಿಲ್ಲದೆ. ಮುಖ್ಯೋಪಾಧ್ಯಾಯರು ಹಾರ್ಮೋನಿನ ಇಂಜೆಕ್ಷನ್ ಕೊಟ್ಟು ಹಲವು ಅಂಡಾಣುಗಳನ್ನು ಬೆಳೆಸಿದರು. ಭ್ರೂಣವನ್ನು ಶೀತಲೀಕರಿಸಿಟ್ಟು ಮುಂದಿನ ಚಕ್ರವೊಂದರಲ್ಲಿ ಗರ್ಭಕ್ಕೆ ಸೇರಿಸಿದರು. ಇಂದು ಊರೂರಿನ ಚಿಕಿತ್ಸಾಲಯಗಳು ನಡೆಯುತ್ತಿರುವುದು ಈ ದಾರಿಯಲ್ಲೇ. ಸಿನಿಮಾ ಏನು ಮಾಡಿತು? ಪ್ರನಾಳ ಶಿಶುವನ್ನೇ ತೆಗೆದು ಆ ಜಾಗದಲ್ಲಿ ಕುಷ್ಠರೋಗದ ಲಸಿಕೆಯನ್ನಿಟ್ಟಿತು. ಬಂಜೆತನದ ಮಾತು ಬದಿಯಲ್ಲಿ ಬಂದುಹೋಗುತ್ತದೆ. ಪಂಕಜ್ ಕಪೂರ್ ಅವರ ಡಾಕ್ಟರು ನಮ್ಮನ್ನು ಅಳಿಸುತ್ತಾರೆ, ಅಳಿಸಲೇಬೇಕು. ಆದರೆ ಯಾರ ಮೈ ಆ ಪ್ರಯೋಗಕ್ಕೆ ಒಡ್ಡಿಕೊಂಡಿತೋ ಆ ತಾಯಿ ಚಿತ್ರದಲ್ಲಿಲ್ಲ. ವಿಜ್ಞಾನಿಯ ದುರಂತ ಉಳಿಯಿತು, ಸೂಜಿ ಕಾಣೆಯಾಯಿತು.

ಆ ಸೂಜಿ ಮಾಡುವುದೇನು? ತಿಂಗಳಿಗೆ ಸಾಮಾನ್ಯವಾಗಿ ಒಂದು ಅಂಡಾಣು ಬಲಿಯುವಲ್ಲಿ ಹತ್ತಾರು ಬಲಿಯುವಂತೆ ಅಂಡಾಶಯವನ್ನು ಕೆಣಕುತ್ತದೆ. ಚುಚ್ಚಿದಲ್ಲಿ ಕೆಂಪು, ಹೊಟ್ಟೆಯುಬ್ಬರ, ತಲೆನೋವು, ಎದೆಯ ನೋವು, ಕಾರಣವಿಲ್ಲದ ಅಳು, ಸಿಟ್ಟು ಇವು ಸಾಮಾನ್ಯ. ಕೆಲವರಿಗೆ ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡು ಊದಿ, ರಕ್ತನಾಳಗಳಿಂದ ನೀರು ಸೋರಿ ಹೊಟ್ಟೆಯಲ್ಲಿ ತುಂಬುತ್ತದೆ. ಇದರ ಸೌಮ್ಯ ರೂಪ ನೂರು ಚಿಕಿತ್ಸೆಗಳಲ್ಲಿ 33ರವರೆಗೂ, ಮಧ್ಯಮ ಮತ್ತು ತೀವ್ರ ರೂಪ 3ರಿಂದ 8ರಷ್ಟರಲ್ಲೂ ಕಾಣಿಸಬಹುದೆಂಬುದು ವೈದ್ಯರ ಲೆಕ್ಕ. ಪಿಸಿಒಎಸ್ ಇರುವವರಿಗೆ, ಎಳೆಯ ಪ್ರಾಯದವರಿಗೆ ಅಪಾಯ ಹೆಚ್ಚು. ತೂಕ ಸರ್ರನೆ ಏರಿದರೆ, ಮೂತ್ರ ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ, ಮೀನಖಂಡ ನೋಯತೊಡಗಿದರೆ ಬೆಳಗಾಗಲೆಂದು ಕಾಯಬಾರದು. ಹೆಚ್ಚಿನವರು ಗುಣವಾಗುತ್ತಾರೆ. ಅಪಾಯವಿದ್ದಲ್ಲಿ ಭ್ರೂಣಗಳನ್ನು ಶೀತಲೀಕರಿಸಿ, ಮೈ ಸುಧಾರಿಸಿದ ಮೇಲೆ ಗರ್ಭಕ್ಕೆ ಸೇರಿಸುತ್ತಾರೆ. 1978ರಲ್ಲಿ ನಗೆಪಾಟಲಾದ ವೈದ್ಯನ ಆ ಕ್ರಮ ಇಂದು ಹೆಣ್ಣಿನ ಜೀವ ಕಾಯುತ್ತಿದೆ.

ಇನ್ನೊಂದು ಸತ್ಯ ಇನ್ನೂ ಕಹಿ. ಗಂಡನ ವೀರ್ಯಾಣು ಕಡಿಮೆ ಇದ್ದು, ಹೆಂಡತಿ ಆರೋಗ್ಯವಾಗಿದ್ದರೂ ಅಂಡಾಣುವಿನೊಳಗೆ ವೀರ್ಯಾಣುವನ್ನು ಸೇರಿಸುವ ಚಿಕಿತ್ಸೆಗಾಗಿ ಸೂಜಿ ಹೋಗುವುದು ಅವಳ ಹೊಟ್ಟೆಗೇ. ಕೊರತೆ ಅವನದ್ದು, ಮದ್ದು ಇವಳಿಗೆ, ‘ವಿಶೇಷ ಉಂಟಾ?’ ಎಂಬ ಪ್ರಶ್ನೆಯೂ ಇವಳಿಗೆ. ಇದಕ್ಕಿಂತ ಬಲವಾದ ಕಥಾವಸ್ತು ಬೇಕೇ?

ಕನ್ನಡಕ್ಕೆ ಬರೋಣ. ಸುಳ್ಯದ ಬದಿಯಲ್ಲಿ ಹರಿಯುವ ಪಯಸ್ವಿನಿಯೇ ಕಾಸರಗೋಡಿನಲ್ಲಿ ಚಂದ್ರಗಿರಿಯಾಗುತ್ತದೆ. ಆ ಹೊಳೆಯ ದಡದಿಂದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದು, ತಲಾಖಿನ ದುರುಪಯೋಗಕ್ಕೆ ಬಲಿಯಾದ ನಾದಿರಾಳನ್ನು ನಮ್ಮ ಮುಂದೆ ನಿಲ್ಲಿಸಿದರು. ಬಾನು ಮುಷ್ತಾಕ್ ‘ಕರಿ ನಾಗರಗಳು’ ಕಥೆಯಲ್ಲಿ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟವಳನ್ನೂ, ಸಾಲು ಹೆರಿಗೆಗಳಿಂದ ಬೇಸತ್ತು ಆಪರೇಷನ್ನಿಗೆ ಹೊರಟ ಮುತವಲ್ಲಿಯ ಹೆಂಡತಿಯನ್ನೂ ತೋರಿಸಿದರು. ಅದನ್ನು ಆಧರಿಸಿದ ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ (2004) ಚಿತ್ರಕ್ಕೆ ತಾರಾ ರಾಷ್ಟ್ರಪ್ರಶಸ್ತಿ ಪಡೆದರು. ಬಾನು ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೆರುವ ಹೆಣ್ಣಿನ ಸಂಕಟಕ್ಕೆ ಹೀಗೆ ಮಾತು ಸಿಕ್ಕಿತು. ಹೆರಲಾಗದವಳ, ಹೆರಲೆಂದು ಮೈಯನ್ನು ಮದ್ದಿಗೆ ಒಪ್ಪಿಸಿದವಳ ಮಾತು ಇನ್ನೂ ಫ್ರಿಜ್ಜಿನಲ್ಲಿ ಉಪ್ಪಿನಕಾಯಿ ಬಾಟಲಿಯ ಹಿಂದೆಯೇ ಇದೆ. ಈ ದೂರು ಹಿರಿಯರ ಮೇಲಲ್ಲ, ಇಂದು ಬರೆಯುತ್ತಿರುವವರಿಗೆ ಒಪ್ಪಿಸುವ ಕೆಲಸ.

ಧಾರ್ಮಿಕ ಬರಹಗಳನ್ನೂ ಬಿಡಬಾರದು. 1980ರ ಮಾರ್ಚ್‌ನಲ್ಲಿ ಈಜಿಪ್ಟಿನ ಮುಫ್ತಿ ಶೈಖ್ ಜಾದುಲ್ ಹಕ್, ದಂಪತಿಯ ನಡುವೆ ಮಾತ್ರ, ಮೂರನೆಯವರ ಬೀಜ ಸೇರದಂತೆ ಈ ಚಿಕಿತ್ಸೆ ಸಮ್ಮತವೆಂದು ಫತ್ವಾ ಕೊಟ್ಟರು. ವಂಶದ ಪಾವಿತ್ರ್ಯ ಕಾಯುವ ಆ ಎಚ್ಚರ ನಮಗೆ ಬೇಕು. ಆದರೆ ನಮ್ಮಂತಹ ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳು ‘ಇದು ಸಮ್ಮತವೇ?’ ಎಂಬಲ್ಲಿಗೇ ಮುಗಿಯುತ್ತವೆ. ಸಮ್ಮತವೆಂದ ಮೇಲೆ ಆಕೆ ಪಡುವ ಕಷ್ಟಕ್ಕೆ ಹೆಗಲು ಕೊಡುವವರು ಯಾರು, ಎಷ್ಟು ಸಲ ಸಾಕು, ಬೇಡವೆನ್ನುವ ಹಕ್ಕು ಅವಳಿಗಿದೆಯೇ ಎಂದು ನಾವು ಕೇಳಲಿಲ್ಲ. ಅಲ್ಲೂ ನಮ್ಮ ಚಿಂತೆ ಸಿನಿಮಾದಂತೆ ಬೀಜದ್ದೇ ಆಯಿತು. ಮಕ್ಕಳಿಲ್ಲದ ಹ. ಆಯಿಶಾ(ರ) ಸತ್ಯವಿಶ್ವಾಸಿಗಳ ಮಾತೆ ಎನಿಸಿದರು; ಅಕ್ಕನ ಮಗನ ಹೆಸರಿನಿಂದ ‘ಉಮ್ಮು ಅಬ್ದುಲ್ಲಾ’ ಎಂದು ಕರೆಸಿಕೊಂಡರು. ಈ ಮಾತು ನಮ್ಮ ಪ್ರವಚನಗಳಲ್ಲಿ ಎಷ್ಟು ಸಲ ಬಂದಿದೆ?

2022ರ ಜನವರಿಯಲ್ಲಿ ಜಾರಿಗೆ ಬಂದ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯಿದೆಯ ಪ್ರಕಾರ ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ, ಅಪಾಯ ಎಲ್ಲವನ್ನೂ ದಂಪತಿಗೆ ತಿಳಿಸಿಹೇಳುವುದು ಚಿಕಿತ್ಸಾಲಯದ ಕರ್ತವ್ಯ. ಹಾಗಾಗಿ ಸಹಿ ಹಾಕುವ ಮುನ್ನ ಕೇಳುವುದು ಉಪಕಾರ ಬೇಡಿದಂತಲ್ಲ. ಆದರೆ ಮನೆಯಲ್ಲಿ ಬಾಯಿ ಕಟ್ಟಿಸಿಕೊಂಡವಳು ಡಾಕ್ಟರ ಮುಂದೆ ಬಾಯಿ ಬಿಡುವಳೇ? ಹೊಟ್ಟೆ ಊದಿ ಉಸಿರು ಕಟ್ಟಿದ ರಾತ್ರಿಯಲ್ಲೂ ನೆರೆಯವರ ಜೀಪು ಕೇಳಲು ಆಲೆಟ್ಟಿಯ ಸೊಸೆ ಹಿಂಜರಿದರೆ, ಆ ಹಿಂಜರಿಕೆಯಲ್ಲಿ ನಮ್ಮ ಮೌನದ ಪಾಲೂ ಇದೆ.

ನಾವು ಈ ಚಿಕಿತ್ಸೆ ಬೇಡವೆನ್ನುತ್ತಿಲ್ಲ. ಅದರಿಂದ ತೊಟ್ಟಿಲು ತೂಗಿದ ಮನೆಗಳನ್ನು ಕಂಡು ಸಂತಸಪಟ್ಟಿದ್ದೇವೆ. ಸೂಜಿಯನ್ನು ಮುಚ್ಚಿಟ್ಟು ಮಗುವನ್ನಷ್ಟೇ ತೋರಿಸುವ ಕಥೆ ಅರ್ಧ ಕಥೆ ಎನ್ನುತ್ತಿದ್ದೇವೆ. ಉಳಿದರ್ಧವನ್ನು ಯಾರಾದರೂ ಬರೆಯುವವರೆಗೆ ನಾವು ಮಾಡಬಹುದಾದ ಒಂದು ಕೆಲಸವಿದೆ. ಮುಂದಿನ ಮದರಂಗಿಯ ರಾತ್ರಿ ಆ ಹೆಣ್ಣುಮಗಳು ಎದುರಾದಾಗ ವಿಶೇಷದ ಮಾತು ಬಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ‘ನೀನು ಹುಷಾರಿದ್ದೀಯಲ್ಲ ಮಗಾ?’ ಎಂದು ಕೇಳೋಣ.