ಕಾಗದಕ್ಕಾಗಿ ಕಾಯುವವರು

ಉರ್ದು ಶಾಲೆಯಲ್ಲಿ ನಾವು ಮೊದಲು ಕಲಿತದ್ದು 'ಪನಾಹ್' ಎಂಬ ಪದ. 'ಆಶ್ರಯ' ಆಮೇಲೆ ಬಂತು. ಎರಡರಲ್ಲೂ ಅರ್ಜಿಯ ಮಾತಿರಲಿಲ್ಲ. ಈಚೆಗೆ ಕೊಂಡಜ್ಜಿಯ ಕೆರೆ ಏರಿಯ ಮೇಲೆ ಕೂತು ಎರಡು ಕಾದಂಬರಿಗಳನ್ನು ಒಟ್ಟಿಗೆ ಓದಿದಾಗ, ಇಂದಿನ ಪನಾಹ್ ಅರ್ಜಿ ಮತ್ತು ಮೊಹರುಗಳ ನಡುವೆ ಸಿಕ್ಕಿಕೊಂಡಿದೆ ಅನಿಸಿತು.

ಒಂದು, ಜಾಂಜಿಬಾರ್‌ನಲ್ಲಿ ಹುಟ್ಟಿ ಇಂಗ್ಲೆಂಡ್ ಸೇರಿದ, 2021ರ ನೊಬೆಲ್ ಪಡೆದ ಅಬ್ದುಲ್‌ರಝಾಕ್ ಗುರ್ನಾ ಅವರ 'ಬೈ ದ ಸೀ' (2001). ಇನ್ನೊಂದು, ಮಲಯಾಳಂನ ಬೆನ್ಯಾಮಿನ್ ಅವರ 'ಆಡುಜೀವಿತಂ' (2008).

ಗುರ್ನಾ ಅವರ ಸಾಲೇಹ್ ಒಮರ್ ಅರವತ್ತೈದರ ಮುದುಕ. ಬೇರೊಬ್ಬನ ಹೆಸರು ಹೊತ್ತು ಇಂಗ್ಲೆಂಡಿನ ವಿಮಾನ ನಿಲ್ದಾಣದಲ್ಲಿ ಇಳಿದು, ಇಂಗ್ಲಿಷ್ ಬಾರದವನಂತೆ ನಟಿಸುತ್ತಾನೆ. ವಿಚಾರಣೆ ಮಾಡುವ ಅಧಿಕಾರಿಯ ತಂದೆತಾಯಿಯೂ ರುಮೇನಿಯಾದಿಂದ ವಲಸೆ ಬಂದವರೇ. ಆದರೂ ಅವನು ಮುದುಕನ ಊದಿನ ಪೆಟ್ಟಿಗೆಯನ್ನು ಇಟ್ಟುಕೊಂಡುಬಿಡುತ್ತಾನೆ. ಬೆನ್ಯಾಮಿನ್ ಅವರ ನಜೀಬ್ ವೀಸಾ ಹಿಡಿದು ರಿಯಾದ್‌ಗೆ ಹೋದವನು. ಕರೆದೊಯ್ಯಲು ಬಂದವನನ್ನೇ ತನ್ನ ಅರ್ಬಾಬ್ ಎಂದು ನಂಬಿ ಮರುಭೂಮಿಯ ಆಡಿನ ದೊಡ್ಡಿಗೆ ಬೀಳುತ್ತಾನೆ. ವರ್ಷಗಳ ಬಳಿಕ ತಪ್ಪಿಸಿಕೊಂಡು ಜೈಲು ಸೇರಿದಾಗ ಅರ್ಬಾಬ್ ಅಲ್ಲಿಗೂ ಬರುತ್ತಾನೆ. ಇವನು ತನ್ನ ವೀಸಾದವನಲ್ಲ ಎಂಬ ಒಂದೇ ಕಾರಣಕ್ಕೆ ಬಿಟ್ಟುಹೋಗುತ್ತಾನೆ.

ಒಬ್ಬನಿಗೆ ಇನ್ನೊಬ್ಬನ ಹೆಸರು ಬಾಗಿಲು ತೆರೆಯಿತು. ಇನ್ನೊಬ್ಬನನ್ನು ಕಾಗದದಲ್ಲಿ ಹೆಸರು ಇಲ್ಲದ್ದೇ ಉಳಿಸಿತು. ಮನುಷ್ಯನ ಸತ್ಯವೇ ಬೇರೆ, ಕಾಗದದ ಸತ್ಯವೇ ಬೇರೆ ಎಂಬುದನ್ನು ಇಬ್ಬರೂ ಭಾಷಣವಿಲ್ಲದೆ ಹೇಳಿದ್ದಾರೆ.

ಆದರೂ ನಮ್ಮದೊಂದು ತಕರಾರಿದೆ. ಗುರ್ನಾ ಅವರ ನಾಯಕ ಮುದುಕನಾದ್ದರಿಂದ ದುಡಿಮೆಯ ಪ್ರಶ್ನೆ ಏಳುವುದಿಲ್ಲ. ಕಾಯುವ ಕಾಲ ನೆನಪಿನ ಕಾಲವಾಗುತ್ತದೆ. ಮೂವತ್ತರ ಪ್ರಾಯದವನಾಗಿದ್ದರೆ? ಬ್ರಿಟನ್ನಿನಲ್ಲಿ ಆರು ತಿಂಗಳಲ್ಲಿ ತೀರ್ಮಾನವಾಗದಿದ್ದರೆ ದುಡಿಯಲು ಅನುಮತಿ ಕೇಳಬಹುದಿತ್ತು. 2002ರಲ್ಲಿ ಅದು ನಿಂತಿತು. 2005ರಲ್ಲಿ ಮರಳಿದಾಗ ಆರು ತಿಂಗಳು ಒಂದು ವರ್ಷವಾಗಿತ್ತು. ತಡ ಮಾಡುವುದು ಕಚೇರಿ, ಕೈಕಟ್ಟಿ ಕೂರುವುದು ಅರ್ಜಿದಾರ.

ಬೆನ್ಯಾಮಿನ್ ಅವರಲ್ಲಿ ಮರುಭೂಮಿಯ ಬಾಯಾರಿಕೆ ಎಷ್ಟು ದೊಡ್ಡದೆಂದರೆ ಕಚೇರಿಯೇ ಮರೆಯಾಗುತ್ತದೆ. ಬಹುಪಾಲು ಜನರ ಕಷ್ಟ ಅಷ್ಟು ಭೀಕರವಲ್ಲ. ಸಣ್ಣದು, ದಿನವೂ ಸವೆಸುವಂಥದು. ನಮ್ಮ ಪರಿಚಯದ ತಾಯಿಯೊಬ್ಬರು ಸೌದಿಯಲ್ಲಿರುವ ಮಗನ ಫೋನ್ ಬಂದರೆ ಊಟವಾಯಿತೇ ಎಂದು ಕೇಳುವ ಮೊದಲು "ಇಕಾಮಾ ಹುವಾ ಕ್ಯಾ ಬೇಟಾ?" ಎನ್ನುತ್ತಿದ್ದರು. ಇಕಾಮಾ ಮಾಡಿಸಬೇಕಾದವನು ಮಾಲೀಕ. ಅದಿಲ್ಲದೆ ಬೀದಿಯಲ್ಲಿ ಸಿಕ್ಕಿಬೀಳುವವನು ಮಗ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೆ 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟನ್ನರಿಗೆ ನೆಲೆಯ ಜೊತೆ ಉಳಲು ಹೊಲವನ್ನೂ ಕೊಟ್ಟದ್ದು ನಮ್ಮದೇ ರಾಜ್ಯ. ದುಡಿಮೆಯಿಲ್ಲದ ಪನಾಹ್ ಅರ್ಧ ಪನಾಹ್ ಎಂಬುದು ಅಂದಿನವರಿಗೆ ತಿಳಿದಿತ್ತು.

ಈ ಎರಡು ಕೃತಿಗಳನ್ನು ಓದಲೇಬೇಕು. ಆದರೆ ಅರ್ಜಿಗೂ ಉತ್ತರಕ್ಕೂ ನಡುವೆ ಕಳೆದುಹೋಗುವ ವರ್ಷಗಳ ಕಥೆ ಇನ್ನೂ ಬರಬೇಕಿದೆ. ಆ ತಾಯಿಯ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿಸಿಕೊಂಡ, ಕಥೆಗಾರರೆನಿಸಿಕೊಂಡ ನಾವೂ ಅದನ್ನು ಬರೆದಿಲ್ಲ.