ಗಾಜಿನ ಹಿಂದಿನ ಹಂಡೆ

ಬೆಂಗಳೂರಿನ ಮೈಕ್ರೋಬ್ರೂವರಿಗಳ ಬಗ್ಗೆ ಬರುವ ವಿಮರ್ಶೆಗಳಲ್ಲಿ ಛಾವಣಿಯ ಎತ್ತರಕ್ಕೆ ಒಂದು ಪ್ಯಾರಾ, ಗೋಡೆಗೆ ಹಬ್ಬಿದ ಬಳ್ಳಿಗೆ ಒಂದು, ಶನಿವಾರದ ಡಿಜೆಗೆ ಒಂದು. ಬಿಯರಿಗೆ ಸಿಗುವುದು ಕೊನೆಯ ಅರ್ಧ ಸಾಲು: ‘ವೀಟ್ ಬಿಯರ್ ಚೆನ್ನಾಗಿತ್ತು.’ 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಬಾಗಿಲು ತೆರೆದದ್ದು, 2012ರಲ್ಲಿ ಅಮೆರಿಕದ ಆನ್ ಆರ್ಬರಿನ ಬ್ರೂವರಿಯೊಂದರ ಹೆಸರು ಮ್ಯಾಗ್ರಾತ್ ರಸ್ತೆಗೆ ಬಂದದ್ದು, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಜಾಝನ್ನೂ ಪುಸ್ತಕದ ಕಪಾಟುಗಳನ್ನೂ ಜೊತೆಗಿಟ್ಟುಕೊಂಡು ಬೆಳೆದದ್ದು ಎಲ್ಲರಿಗೂ ಗೊತ್ತಿರುವ ಕತೆ. ಅಲ್ಲಿಂದೀಚೆಗೆ ಈ ಊರಿಗೆ ಬಿಯರ್ ರಾಜಧಾನಿಯೆಂಬ ಬಿರುದು ಅಂಟಿದೆ. ಬಿಯರಿನ ಗುಣದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಅದನ್ನು ಗಿರಾಕಿಯ ಮುಂದೆ ಇಡುವ ಬಗೆ ಮಾತ್ರ ಬಿರುದಿನ ಹತ್ತಿರಕ್ಕೂ ಬಂದಿಲ್ಲ.

ಸ್ಯಾಂಪ್ಲರನ್ನೇ ನೋಡಿ. ಕೂತು ಉಸಿರುಬಿಡುವಷ್ಟರಲ್ಲಿ ಮರದ ಹಲಗೆಯೊಂದು ಮೇಜಿಗೆ ಬರುತ್ತದೆ, ಅದರ ಕುಳಿಗಳಲ್ಲಿ ಐದಾರು ಪುಟ್ಟ ಲೋಟ. ‘ಇದು ವೀಟು, ಇದು ಡಾರ್ಕು, ಇದು ಸ್ವಲ್ಪ ಬಿಟ್ಟರ್ ಸಾರ್’ ಎಂದು ಹುಡುಗ ಡಿಜೆಯ ಸದ್ದನ್ನು ಮೀರಿಸಿ ಕೂಗಿ ಹೋಗುತ್ತಾನೆ. ಉದಾರವಾಗಿ ಕಾಣುವ ಪದ್ಧತಿ, ಬಹಳ ಕಡೆ ದುಡ್ಡೂ ಇಲ್ಲ. ಆದರೆ ಹೆಫೆವೈಜನ್ ಎಂಬ ಜರ್ಮನ್ ಗೋಧಿ ಬಿಯರಿನ ಜೀವವೆಲ್ಲ ಇರುವುದು ಅದರ ಯೀಸ್ಟ್ ಹುಟ್ಟಿಸುವ ಬಾಳೆಹಣ್ಣು, ಲವಂಗದ ಪರಿಮಳದಲ್ಲಿ. ಅದು ಮೂಗಿಗೆ ಸಿಗಬೇಕಾದರೆ ನೊರೆ ಬೇಕು, ಎತ್ತರದ ಲೋಟ ಬೇಕು, ಬಿಯರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬಾರದು. ಪುಟ್ಟ ಲೋಟದಲ್ಲಿ ನೊರೆ ನಿಲ್ಲುವುದಿಲ್ಲ, ಮೂಗಿಗೆ ಜಾಗವೂ ಇಲ್ಲ. ಎಲ್ಲ ಲೋಟವೂ ಒಟ್ಟಿಗೇ ಬರುವುದರಿಂದ ಮೊದಲನೆಯದು ನಾಲಗೆ ಮರಗಟ್ಟಿಸುವಷ್ಟು ತಂಪು, ಕೊನೆಯದು ಗ್ಯಾಸ್ ಹೋಗಿ ಸಪ್ಪೆ. ನಡುವೆ ಹಾಪ್ಸಿನ ಕಹಿಯುಳ್ಳ ಐಪಿಎ ಕುಡಿದರೆ ಆಮೇಲೆ ಬರುವ ಹಗುರ ಬಿಯರಿನ ರುಚಿ ಮುಗಿದಂತೆಯೇ.

ಇದಕ್ಕಿಂತ ಕೆಟ್ಟದ್ದೊಂದಿದೆ. ಎರಡು ಗುಟುಕಿನ ಪರೀಕ್ಷೆಯಲ್ಲಿ ಗೆಲ್ಲುವುದು ಹೆಚ್ಚಾಗಿ ಸಿಹಿಯಾದದ್ದು, ಮೆದುವಾದದ್ದು. ಸ್ಟೌಟಿನ ಸುಟ್ಟ ಕಾಳಿನ ಒಗರು ಅರ್ಧ ಮಗ್ ಇಳಿದ ಮೇಲೆ ಹಿತವಾಗುವಂಥದ್ದು. ಗುಟುಕಿನಲ್ಲಿ ಅದು ಬರೀ ಕಹಿ. ಹೀಗೆ ಎಲ್ಲ ಮೇಜುಗಳೂ ಗೋಧಿ ಬಿಯರಿಗೇ ಕೈಯೆತ್ತುತ್ತವೆ, ಬ್ರೂವರಿ ಅದನ್ನೇ ಮತ್ತೆ ಕುದಿಸುತ್ತದೆ. ಪರಿಚಯ ಮಾಡಿಸಬೇಕಾದ ಹಲಗೆ ಪರಿಚಯವಾಗದಂತೆ ನೋಡಿಕೊಳ್ಳುತ್ತಿದೆ. ಟಾಯ್ಟಿನ ಬಾಸ್ಮತಿ ಬ್ಲಾಂಡ್‌ನಂಥ ಅಕ್ಕಿ ಬೆರೆತ ಜಾಣ ಪ್ರಯೋಗಗಳು ಇವೆ, ನಿಜ. ಅಕ್ಕಿ ಆ ಬಿಯರಿಗೆ ಏನು ಮಾಡಿದೆಯೆಂದು ಹೇಳುವವರು ಬೇಕಲ್ಲ?

ಇನ್ನು ಗಾಜಿನ ಹಿಂದೆ ಮಿರುಗುವ ಹಂಡೆಗಳು. ಬಿಯರು ನಮ್ಮ ಕಣ್ಣೆದುರೇ ತಯಾರಾಗುತ್ತಿದೆ ಎಂಬ ಭಾವ ಬರಿಸುವುದಕ್ಕೆ ಅವನ್ನು ಅಲ್ಲಿಟ್ಟಿದ್ದಾರೆ. ಮಾಲ್ಟಿನ ರಸ ಕುದಿಸುವ ಕೆಲಸ ಸಾಮಾನ್ಯವಾಗಿ ನಾವು ಬರುವ ಹೊತ್ತಿಗೆ ಮುಗಿದಿರುತ್ತದೆ. ಮಿಕ್ಕದ್ದೆಲ್ಲ ಮುಚ್ಚಿದ ಉಕ್ಕಿನೊಳಗೆ ಯೀಸ್ಟ್ ವಾರಗಟ್ಟಲೆ ಮಾಡುವ ಕೆಲಸ, ನೋಡಲು ಏನೂ ಇಲ್ಲ. ತಾಜಾತನವೊಂದೇ ಇಂಥ ಜಾಗಕ್ಕೆ ಬಾಟಲಿ ಬಿಯರಿನ ಮೇಲಿರುವ ದೊಡ್ಡ ಮೇಲುಗೈ. ಆದರೂ ‘ಇದನ್ನು ಯಾವಾಗ ಮಾಡಿದ್ದು?’ ಎಂದು ಕೇಳಿದರೆ ಹುಡುಗ ಮ್ಯಾನೇಜರನ್ನು ಕರೆಯುತ್ತಾನೆ, ಮ್ಯಾನೇಜರು ‘ಫ್ರೆಶ್ ಸಾರ್’ ಎನ್ನುತ್ತಾರೆ.

ಇದೇ ಊರಿನ ದರ್ಶಿನಿಯಲ್ಲಿ, ಅಂದರೆ ನಿಂತು ತಿನ್ನುವ ಹೋಟೆಲಿನಲ್ಲಿ, ಈ ಪ್ರಶ್ನೆಗೆ ಜಾಗವೇ ಇಲ್ಲ. ಹೆಂಚಿನ ಮೇಲೆ ಹಿಟ್ಟು ಹರಡುವುದು, ಅಂಚು ಕೆಂಪಾಗುವುದು, ಎಣ್ಣೆಯಲ್ಲಿ ವಡೆ ಮಗುಚುವುದು ಎಲ್ಲವೂ ಬಿಲ್ಲು ಹಿಡಿದು ನಿಂತವನ ಕಣ್ಣಳತೆಯಲ್ಲೇ ನಡೆಯುತ್ತದೆ. ವಡೆ ತಣ್ಣಗಿದ್ದರೆ ಅದು ತಟ್ಟೆಗೆ ಬೀಳುವ ಮೊದಲೇ ಗೊತ್ತಾಗುತ್ತದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಡೆಯುತ್ತಿದೆ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಜೊತೆಗೆ ಕಾಫಿ-ಟೀ. ಸಾಂಬಾರು ಇಲ್ಲವೇ ಇಲ್ಲ, ಚಟ್ನಿ ಎಷ್ಟು ಬೇಕಾದರೂ ಹಾಕಿಸಿಕೊಳ್ಳಿ. ಸ್ಯಾಂಪ್ಲರ್ ಬೇಕಿಲ್ಲದಿರುವುದು ಈ ಕಾರಣಕ್ಕೆ: ಆಯ್ಕೆಯನ್ನು ಅಡುಗೆಯವರೇ ಮಾಡಿ ಮುಗಿಸಿದ್ದಾರೆ.

ಇಲ್ಲಿ ನಮ್ಮ ಹಳೇ ಹೋಟೆಲುಗಳ ಸ್ಮೃತಿಕಾರರು ಅಡ್ಡ ಬರುತ್ತಾರೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಶುರುಮಾಡಿದ ಕೆಫೆ ದರ್ಶಿನಿಯಿಂದಲೇ ಹರಟೆ ಸತ್ತಿತು, ನಿಂತು ನುಂಗುವ ಜನ ಹುಟ್ಟಿಕೊಂಡರು ಎಂಬುದು ಅವರ ಹಳೇ ರಾಗ. ಮೊಣಕಾಲು ನೋವಿರುವವರು ಈ ದೂರು ಹೇಳಿದರೆ ಒಪ್ಪುತ್ತೇನೆ, ದರ್ಶಿನಿ ವಯಸ್ಸಾದವರಿಗೆ ಕರುಣೆ ತೋರಿಲ್ಲ. ಆದರೆ ಇವರು ಹಂಬಲಿಸುವ ಆ ಕುರ್ಚಿ-ಮೇಜಿನ ಕಾಲದಲ್ಲಿ ಎಷ್ಟೋ ಹೋಟೆಲುಗಳು ಬ್ರಾಹ್ಮಣರಿಗೆಂದು ಬೇರೆ ಕೋಣೆ ಇಟ್ಟಿದ್ದವು. ಆ ಕೋಣೆಯ ಹರಟೆ ಯಾರದ್ದಾಗಿತ್ತು? ದರ್ಶಿನಿಯ ಎದೆಯೆತ್ತರದ ಮೇಜಿನಲ್ಲಿ ಆಟೋ ಓಡಿಸುವವರ ಲೋಟದ ಪಕ್ಕ ಬ್ಯಾಂಕಿನವರ ಲೋಟ ಇರುತ್ತದೆ, ಯಾರೂ ಯಾರನ್ನೂ ಕೇಳುವುದಿಲ್ಲ. ಹರಟೆಯೂ ಸತ್ತಿಲ್ಲ. ಬೈಟು ಕಾಫಿ ಹೇಳುವವರಿಗೆ ಕಾಫಿಗಿಂತ ಆ ಐದು ನಿಮಿಷವೇ ಮುಖ್ಯ. ಹಾಗೆ ನೋಡಿದರೆ ಮಾತು ಸತ್ತಿರುವುದು ಎದುರಿಗೆ ಕೂತವರ ದನಿ ಕೇಳಿಸದ ಬ್ರೂವರಿಯ ಸೋಫಾಗಳಲ್ಲಿ. ಅದರ ಬಗ್ಗೆ ಸ್ಮೃತಿಕಾರರು ಬರೆಯುವುದಿಲ್ಲ, ಅವರು ಅಲ್ಲಿಗೆ ಹೋಗುವುದೂ ಇಲ್ಲ. ಹೋಗುವ ವಿಮರ್ಶಕರಿಗೆ ‘ವೈಬ್’ ಸಾಕು.

ಬ್ರೂವರಿಗಳಿಂದ ನಾನು ಕೇಳುವುದು ಹೆಚ್ಚೇನಿಲ್ಲ. ಬಾರಿನ ಹಿಂದಿನ ಕಪ್ಪು ಹಲಗೆಯಲ್ಲಿ ಬಿಯರಿನ ಹೆಸರಿನ ಪಕ್ಕ ಕುದಿಸಿದ ತಾರೀಖು ಬರೆಯಿರಿ, ಸ್ಯಾಂಪಲನ್ನು ಒಂದೊಂದಾಗಿ, ಹಗುರದಿಂದ ಗಾಢಕ್ಕೆ, ಸ್ವಲ್ಪ ದೊಡ್ಡ ಲೋಟದಲ್ಲಿ ಕೊಡಿ. ವಿಮರ್ಶಕರು ಮುಂದಿನ ಸಲ ಛಾವಣಿ ಅಳೆಯುವ ಮೊದಲು ಆ ತಾರೀಖು ಕೇಳಲಿ, ಸಿಕ್ಕ ಉತ್ತರವನ್ನು ಹಾಗೆಯೇ ಅಚ್ಚು ಹಾಕಲಿ. ‘ಫ್ರೆಶ್ ಸಾರ್’ ಎಂದರೆ ಅದನ್ನೂ.